ಏಳು ಪುಸ್ತಕ, ಒಂದು ಡೈರಿ: ಮಗನ ಶಾಲೆಯ ‘ಕಡ್ಡಾಯ ಓದು’ ಕಿಟ್ ಒಂದು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಬರೀ ಪುಸ್ತಕಕ್ಕೆ ಅಂದಿದ್ದರೆ ನಾಲ್ಕು ಕೊಡುತ್ತಿದ್ದೆ. ಬರೀ ಡೈರಿಗೆ ಅಂದಿದ್ದರೆ ಒಂದೂ ಜಾಸ್ತಿಯೇ. ಎರಡೂ ಒಂದೇ ಚೀಲದಲ್ಲಿ ಬರುತ್ತವೆ, ಬಿಡಿಯಾಗಿ ಕೊಡುವುದಿಲ್ಲ, ಹಾಗಾಗಿ ಮೂರು.

ವಿಷಯ ಏನಪ್ಪಾ ಅಂದರೆ, ಮಗ ಓದುವ ಶಾಲೆಯಲ್ಲಿ ಕಳೆದ ಜೂನ್‌ನಲ್ಲಿ ಐದನೇ ಕ್ಲಾಸಿನಿಂದ ಒಂಬತ್ತರವರೆಗೆ ‘ಕಡ್ಡಾಯ ಓದು’ ಅಂತ ಶುರು ಮಾಡಿದರು. ಪಠ್ಯಪುಸ್ತಕ ಬಿಟ್ಟು ವರ್ಷಕ್ಕೆ ಏಳು ಪುಸ್ತಕ ಓದಲೇಬೇಕು. ನಾಲ್ಕು ಕನ್ನಡ, ಮೂರು ಇಂಗ್ಲಿಷ್. ಜೊತೆಗೆ ಒಂದು ದಪ್ಪ ಡೈರಿ, ಒಂದು ಬುಕ್‌ಮಾರ್ಕ್, ಶಾಲೆಯ ಹೆಸರು ಅಚ್ಚು ಹಾಕಿದ ಬಟ್ಟೆ ಚೀಲ. ಎಲ್ಲಾ ಸೇರಿ 1,380 ರೂಪಾಯಿ, ಶಾಲೆಯ ಆಫೀಸಿನಲ್ಲೇ ಕೊಳ್ಳಬೇಕು. ಶಾಲೆ ಯಾವುದು ಅಂತ ಕೇಳಬೇಡಿ, ಅವನು ಇನ್ನೂ ಮೂರು ವರ್ಷ ಅಲ್ಲೇ ಓದಬೇಕು. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ, ಮೇಗರವಳ್ಳಿ ಹತ್ತಿರ. ಇಷ್ಟು ಹೇಳಿದರೆ ಸಾಕು.

ಮೊದಲು ದುಡ್ಡಿನ ವಿಚಾರ ಮುಗಿಸಿಬಿಡುತ್ತೇನೆ. ಒಂದು ಪುಸ್ತಕದ ಹಿಂದೆ 95 ರೂಪಾಯಿ ಅಂತ ಸ್ಟಿಕ್ಕರ್ ಅಂಟಿಸಿದ್ದರು. ಮಳೆಗಾಲದಲ್ಲಿ ನಮ್ಮ ಕಡೆ ಯಾವ ಅಂಟೂ ನಿಲ್ಲುವುದಿಲ್ಲ, ಜುಲೈ ಹೊತ್ತಿಗೆ ಅದು ತಾನಾಗೇ ಎದ್ದು ಬಂತು. ಅಡಿಯಲ್ಲಿ 60 ಅಂತ ಅಚ್ಚಾಗಿತ್ತು. ಆಫೀಸಿನಲ್ಲಿ ಕೇಳಿದ್ದಕ್ಕೆ, ‘ಬೆಂಗಳೂರಿಂದ ತರಿಸಬೇಕಲ್ವಾ ಮೇಡಂ, ಸಾಗಾಣಿಕೆ ಖರ್ಚು’ ಅಂದರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಅಕ್ಷರ ಪ್ರಕಾಶನದವರು ಪುಸ್ತಕ ಮಾಡಿ ನಾಡಿಗೆಲ್ಲಾ ಕಳಿಸುವ ಜಿಲ್ಲೆ ನಮ್ಮದು, ನಮ್ಮ ಮಕ್ಕಳ ಪುಸ್ತಕ ಮಾತ್ರ ಬೆಂಗಳೂರಿನಿಂದ ಲಾರಿ ಹತ್ತಿ ಬರಬೇಕು. ಇರಲಿ.

ಈಗ ಡೈರಿ. ಒಂದೊಂದು ಪುಟಕ್ಕೂ ಆರು ಕಾಲಂ. ದಿನಾಂಕ. ಓದಿದ ಪುಟಗಳು. ಐದು ಹೊಸ ಪದ ಮತ್ತು ಅರ್ಥ. ಇಷ್ಟವಾದ ಪಾತ್ರ, ಯಾಕೆ. ಕಥೆಯ ನೀತಿ. ಪಾಲಕರ ಸಹಿ. ದಿನಾ ಬರೆಯಬೇಕು, ಶನಿವಾರ ತೋರಿಸಬೇಕು.

ಮೊದಲ ವಾರ ಮಗ ಬಹಳ ಶ್ರದ್ಧೆಯಿಂದ ಬರೆದ. ಮೊದಲ ಪುಸ್ತಕ ಒಬ್ಬ ಹುಡುಗ ಹೊಳೆಗೆ ಮೀನು ಹಿಡಿಯಲು ಹೋಗುವ ಕಥೆ. ಹೋಗುತ್ತಾನೆ, ಗಾಳ ಹಾಕುತ್ತಾನೆ, ದಿನವಿಡೀ ಕೂರುತ್ತಾನೆ, ಒಂದು ಮೀನೂ ಸಿಗುವುದಿಲ್ಲ, ಕತ್ತಲಾಗುವಾಗ ಮನೆಗೆ ಬರುತ್ತಾನೆ. ಅಷ್ಟೇ ಕಥೆ. ಚೆನ್ನಾಗಿದೆ, ನಾನೂ ಓದಿದೆ, ಹೊಳೆ ದಂಡೆಯಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಕೂತ ಹಾಗಿತ್ತು. ರಾತ್ರಿ ಎಂಟೂವರೆಗೆ ಡೈರಿ ಹಿಡಿದುಕೊಂಡು ಅಡುಗೆಮನೆಗೆ ಬಂದ.

‘ಅಮ್ಮಾ, ಇದರ ನೀತಿ ಎಂತದು?’

‘ನಿಂಗೆ ಎಂತ ಅನ್ನಿಸ್ತು?’

‘ಎಂತಾ ಅನ್ನಿಸ್ಲಿಲ್ಲ. ಚೆನ್ನಾಗಿತ್ತು.’

‘ಹಂಗೇ ಬರಿ ಮತ್ತೆ.’

‘ಹಂಗೆ ಬರೆದ್ರೆ ಮಿಸ್ ಬೈತಾರೆ. ನೀತಿ ಅಂದ್ರೆ ಬೇಕು ಅಂತ ಮುಗೀಬೇಕು, ಇಲ್ಲಾ ಬಾರದು ಅಂತ ಮುಗೀಬೇಕು.’

ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಒಂದು ಗಳಿಗೆ ಸೌಟು ಹಿಡಿದು ನಿಂತೆ. ಹನ್ನೆರಡು ವರ್ಷದ ಹುಡುಗ ಇಷ್ಟು ಸರಿಯಾಗಿ ಕಂಡುಹಿಡಿದಿದ್ದಾನಲ್ಲ ಅಂತ. ಕೊನೆಗೆ ಅವನೇ ಯೋಚನೆ ಮಾಡಿ ‘ಮೀನು ಸಿಗದಿದ್ದರೆ ಮನೆಗೆ ಬರಬೇಕು’ ಅಂತ ಬರೆದ. ನನಗೆ ಕಂಡ ಮಟ್ಟಿಗೆ ಇಡೀ ಡೈರಿಯಲ್ಲಿ ಅವನು ಬರೆದ ಒಳ್ಳೆಯ ಸಾಲು ಅದೊಂದೇ. ಶನಿವಾರ ಅದಕ್ಕೆ ಕೆಂಪು ಶಾಯಿಯಲ್ಲಿ ಗೀಟು ಬಿದ್ದು, ಪಕ್ಕದಲ್ಲಿ ‘ನೀತಿ ಸ್ಪಷ್ಟವಾಗಿರಲಿ’ ಅಂತ ಬರೆದು ಬಂತು. ಅಳಿಸಿ ‘ತಾಳ್ಮೆ ಇರಬೇಕು’ ಅಂತ ಬರೆದ. ಅದಕ್ಕೆ ನಕ್ಷತ್ರದ ಸ್ಟಿಕ್ಕರ್ ಸಿಕ್ಕಿತು.

ಅಲ್ಲಿಂದ ಮುಂದೆ ಅವನಿಗೆ ದಾರಿ ಸಿಕ್ಕಿಹೋಯಿತು. ಡೈರಿಯ ಹಿಂದಿನ ಪುಟದಲ್ಲಿ ಹನ್ನೊಂದು ನೀತಿಗಳ ಪಟ್ಟಿ ಮಾಡಿಟ್ಟುಕೊಂಡ. ತಾಳ್ಮೆ ಇರಬೇಕು. ಹಿರಿಯರ ಮಾತು ಕೇಳಬೇಕು. ಸುಳ್ಳು ಹೇಳಬಾರದು. ಪ್ರಾಣಿಗಳಿಗೆ ಹಿಂಸೆ ಕೊಡಬಾರದು. ಯಾವ ಪುಸ್ತಕ ಓದಿದರೂ ಈ ಹನ್ನೊಂದರಲ್ಲಿ ಒಂದನ್ನು ಎತ್ತಿ ಹಾಕುವುದು, ಊಟದ ಎಲೆಗೆ ಉಪ್ಪಿನಕಾಯಿ ಬಡಿಸಿಕೊಂಡು ಹೋದ ಹಾಗೆ. ಹೊಸ ಪದಗಳದ್ದೂ ಅದೇ ಕಥೆ. ‘ಗಾಳ: ಮೀನು ಹಿಡಿಯುವ ಸಾಧನ’ ಅಂತ ಬರೆದಿದ್ದಾನೆ. ಐದನೇ ವರ್ಷದಿಂದ ಮುಂಗಾರಿನಲ್ಲಿ ಗದ್ದೆಗೆ ಮೀನು ಹತ್ತುವಾಗ ಅಜ್ಜನ ಹಿಂದೆ ಬುಟ್ಟಿ ಹಿಡಿದುಕೊಂಡು ಹೋಗುವವನಿಗೆ ಗಾಳ ಹೊಸ ಪದವಂತೆ. ಕೇಳಿದರೆ, ‘ಗೊತ್ತಿಲ್ಲದ ಪದ ಬರೆದ್ರೆ ಅರ್ಥ ಹುಡುಕ್ಬೇಕಲ್ಲ’ ಅಂದ.

ನನ್ನದೂ ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ದಿನಾ ಸಹಿ ಹಾಕಬೇಕು, ನಾನು ಸೊಸೈಟಿ ಕೆಲಸ ಮುಗಿಸಿ ಬರುವುದೇ ಆರೂವರೆಗೆ. ಸೆಪ್ಟೆಂಬರ್ ಹೊತ್ತಿಗೆ ಭಾನುವಾರ ಕೂತು ಮುಂದಿನ ವಾರದ್ದಕ್ಕೂ ಸೇರಿಸಿ ಒಟ್ಟಿಗೆ ಸಹಿ ಹಾಕಿಬಿಡುತ್ತಿದ್ದೆ. ಒಂದು ದಿನ ನೋಡಿದರೆ, ಅವನು ಓದದೇ ಇರುವ ಪುಟಕ್ಕೆ ‘ಸುಳ್ಳು ಹೇಳಬಾರದು’ ಅಂತ ನೀತಿ ಬರೆದಿದ್ದ, ಅದರ ಪಕ್ಕ ನಾನು ನೋಡದೇ ಹಾಕಿದ ಸಹಿ. ಇವರಿಗೆ ತೋರಿಸಿದೆ. ‘ಇದನ್ನ ಫ್ರೇಮ್ ಹಾಕಿಸಿಡು’ ಅಂದರು.

ಇಲ್ಲಿಗೆ ನಿಲ್ಲಿಸಿದರೆ ನಾನು ಕಡ್ಡಾಯ ಓದಿಗೇ ವಿರೋಧಿ ಅಂದುಕೊಳ್ಳುತ್ತೀರಿ. ಅಲ್ಲ. ಜುಲೈನಲ್ಲಿ ಆಗಿದ್ದು ಕೇಳಿ.

ನಮ್ಮ ಕಡೆಯ ಜುಲೈ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಮಳೆ ಜೋರಾಗಿ ಶಾಲೆಗಳಿಗೆ ರಜೆ ಕೊಟ್ಟರು, ಒಂದು ದಿನ ಅಂತ ಶುರುವಾಗಿ ನಾಲ್ಕು ದಿನ ಆಯಿತು. ಲೈನ್ ಮೇಲೆ ಮರ ಬಿದ್ದು ಕರೆಂಟಿಲ್ಲ. ಟವರ್ ಸತ್ತು ಫೋನಿಲ್ಲ. ಇಂಬಳದ (ಜಿಗಣೆಯ) ಕಾಟಕ್ಕೆ ಅಂಗಳ ದಾಟುವ ಹಾಗಿಲ್ಲ. ಮಗ ಎರಡನೇ ದಿನದ ಮಧ್ಯಾಹ್ನದ ಹೊತ್ತಿಗೆ ಹುಚ್ಚು ಹಿಡಿದವನ ಹಾಗೆ ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಜಗಲಿಗೆ ತಿರುಗುತ್ತಿದ್ದ. ಆ ತಿಂಗಳ ಕಡ್ಡಾಯ ಪುಸ್ತಕ ಒಂದು ರೈಲು ಪ್ರಯಾಣದ ಕಥೆ. ಒಬ್ಬ ಹುಡುಗ ಸೋದರಮಾವನ ಜೊತೆ ಎರಡು ರಾತ್ರಿ ರೈಲಿನಲ್ಲಿ ಹೋಗುತ್ತಾನೆ, ದಾರಿಯಲ್ಲಿ ಒಬ್ಬೊಬ್ಬರು ಹತ್ತುತ್ತಾರೆ, ಇಳಿಯುತ್ತಾರೆ.

ಪುಸ್ತಕದ ಅಂಗಡಿಗೆ ನಾನೇ ಹೋಗಿದ್ದರೆ ಇದನ್ನು ಆರಿಸುತ್ತಿರಲಿಲ್ಲ. ಮಲೆನಾಡಿನ ಹುಡುಗ, ಕಾಡು, ಹಕ್ಕಿ, ತೋಟ ಇರುವುದನ್ನು ಕೊಡೋಣ ಅಂತ ಯೋಚಿಸುತ್ತಿದ್ದೆ. ತೀರ್ಥಹಳ್ಳಿಗೆ ರೈಲೇ ಇಲ್ಲ. ನೋಡಬೇಕೆಂದರೆ ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಬೇಕು. ಅವನು ಹುಟ್ಟಿದ ಮೇಲೆ ರೈಲು ಹತ್ತಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ನಿದ್ದೆ ಮಾಡಿದ್ದ. ಬಚ್ಚಲ ಒಲೆ ಮುಂದೆ ಯೂನಿಫಾರ್ಮ್ ಒಣಗಿಸಲು ಹಾಕಿದ್ದೆ, ಅಲ್ಲಿ ಬೆಚ್ಚಗಿರುತ್ತದೆ ಅಂತ ಮಣೆ ಹಾಕಿಕೊಂಡು ಕೂತ. ಸಂಜೆಯವರೆಗೂ ಸದ್ದಿಲ್ಲ. ಕಾಫಿಗೆ ಕರೆದರೆ ‘ಹ್ಞೂಂ’ ಅನ್ನುತ್ತಾನೆ, ಏಳುವುದಿಲ್ಲ. ಮರುದಿನ ಮತ್ತೆ ಮೊದಲಿಂದ ಓದಿದ. ಮೂರನೇ ದಿನ ಅಟ್ಟದ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ಹಲಗೆ ಇಟ್ಟು ಅದೇ ಅಪ್ಪರ್ ಬರ್ತ್ ಅಂತ ಮಲಗಲು ಹೋಗಿ ಬಿದ್ದು ಮೊಣಕೈ ಕೆತ್ತಿಕೊಂಡ.

ಆದರೆ ನಿಜವಾದ ಮಜಾ ಇದ್ದದ್ದು ಅದರಲ್ಲಲ್ಲ. ಶಾಲೆ ಮತ್ತೆ ತೆರೆದ ದಿನ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನೂ ಇದ್ದೆ. ಅವನ ಕ್ಲಾಸಿನವರು ಆರೇಳು ಮಕ್ಕಳು ಹಿಂದಿನ ಸೀಟಿನಲ್ಲಿ ಜಗಳ ಮಾಡುತ್ತಿದ್ದರು. ಆ ಕಥೆಯಲ್ಲಿ ಕಬ್ಬಿಣದ ಟ್ರಂಕು ಹೊತ್ತ ಒಬ್ಬ ಮುದುಕ ಬರುತ್ತಾನಂತೆ, ಮಧ್ಯರಾತ್ರಿ ಯಾವುದೋ ಸ್ಟೇಷನ್ನಿನಲ್ಲಿ ಹೇಳದೇ ಇಳಿದುಹೋಗುತ್ತಾನಂತೆ. ಅವನು ಕಳ್ಳನೋ ಅಲ್ಲವೋ? ಪುಸ್ತಕದಲ್ಲಿ ಹೇಳಿಲ್ಲ. ಒಬ್ಬಳು, ಕಳ್ಳನೇ, ಇಲ್ಲದಿದ್ದರೆ ಯಾಕೆ ಟ್ರಂಕಿನ ಮೇಲೇ ಮಲಗುತ್ತಾನೆ ಅನ್ನುತ್ತಾಳೆ. ನಮ್ಮವನು, ಅದರೊಳಗೆ ಅವನ ಹೆಂಡತಿಯ ಸೀರೆ ಇದ್ದಿರಬಹುದು ಅನ್ನುತ್ತಾನೆ. ಇದೆಲ್ಲಿಂದ ಬಂತು ಇವನಿಗೆ ಅಂತ ನನಗೆ ಆಶ್ಚರ್ಯ. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್, ‘ಯಾರ್ರೋ ಅದು ಕಳ್ಳ, ಯಾವ ಊರಲ್ಲಿ?’ ಅಂತ ಕೇಳಿ, ಇಡೀ ಕಥೆ ಹೇಳಿಸಿಕೊಂಡು, ಕಳ್ಳ ಅಲ್ಲ ಅಂತ ತೀರ್ಪು ಕೊಟ್ಟರು.

ರಾತ್ರಿ ಯಕ್ಷಗಾನದ ಆಟ ನೋಡಿ ಬಂದವರು ಮರುದಿನ ಅಂಗಡಿ ಕಟ್ಟೆಯಲ್ಲಿ ಕೂತು ಯಾರ ಪಾತ್ರ ಹೇಗಿತ್ತು, ಭಾಗವತರು ಎಲ್ಲಿ ಎಳೆದರು ಅಂತ ಮಾತಾಡುತ್ತಾರಲ್ಲ, ಹಾಗಿತ್ತು ಅದು. ಎಲ್ಲರೂ ಒಂದೇ ಆಟ ನೋಡಿರಬೇಕು, ಆಗಲೇ ಆ ಮಾತು. ಒಬ್ಬೊಬ್ಬ ಮಗು ತನಗೆ ಬೇಕಾದ ಪುಸ್ತಕ ಆರಿಸಿಕೊಂಡು ಓದಲಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಆದರೆ 38 ಮಕ್ಕಳು 38 ಪುಸ್ತಕ ಓದಿದರೆ ಬಸ್ಸಿನಲ್ಲಿ ಜಗಳ ಆಗುವುದಿಲ್ಲ. ಈ ಕಿಟ್‌ಗೆ ನಾನು ಕೊಟ್ಟ ಸ್ಟಾರ್‌ಗಳಲ್ಲಿ ಎರಡು ಆ ಬಸ್ಸಿನ ಹಿಂದಿನ ಸೀಟಿಗೆ ಸೇರಿದ್ದು. ಅಂದಹಾಗೆ, ಡೈರಿಯಲ್ಲಿ ಆ ಪುಸ್ತಕದ ನೀತಿ: ‘ಅಪರಿಚಿತರನ್ನು ನಂಬಬಾರದು.’

ಇನ್ನೊಂದು ಪುಸ್ತಕ ಅಡಿಕೆ ತೋಟದ ಮನೆಯೊಂದರ ಕಥೆ. ಇದು ಅವನಿಗೆ ಹಿಡಿಸುತ್ತದೆ ಅಂತ ನಾನು ಗ್ಯಾರಂಟಿ ಇದ್ದೆ. ಹತ್ತು ಪುಟ ಓದಿ ಬದಿಗಿಟ್ಟ. ‘ಇದರಲ್ಲಿ ಎಂತ ಇದೆ? ಕೊನೆ ತೆಗೆಯೋದು, ಸುಲಿಯೋದು, ಬೇಯಿಸೋದು. ನಮ್ಮನೆದೇ.’ ಸ್ಥಳೀಯ ಮಕ್ಕಳಿಗೆ ಸ್ಥಳೀಯ ಪುಸ್ತಕ ಅಂತ ನಾವು ದೊಡ್ಡವರು ಹೇಳುವುದು ನಮ್ಮ ಸಮಾಧಾನಕ್ಕೋ ಏನೋ. ಕಡ್ಡಾಯ ಇರುವುದರಿಂದ ಅರ್ಧಕ್ಕೆ ಬಿಡುವ ಹಾಗಿಲ್ಲ, ಅದನ್ನು ತಿಂಗಳುಗಟ್ಟಲೆ ಎಳೆದ. ಏಳರಲ್ಲಿ ಎರಡನ್ನು ಅರ್ಧಕ್ಕೆ ಬಿಡಬಹುದು ಅಂತ ಒಂದು ನಿಯಮ ಇದ್ದರೆ ಏನು ಹೋಗುತ್ತಿತ್ತು? ಬಿಟ್ಟಿದ್ದು ಯಾಕೆ ಅಂತ ಎರಡು ಸಾಲು ಬರೆಸಿ ಬೇಕಾದರೆ. ಆ ಎರಡು ಸಾಲಿಗೆ ‘ಬೇಕು’, ‘ಬಾರದು’ ಬೇಡ.

ಇಂಗ್ಲಿಷ್ ಪುಸ್ತಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರೂ ಹಳೇ ದಪ್ಪ ಕಾದಂಬರಿಗಳನ್ನು 48 ಪುಟಕ್ಕೆ ಇಳಿಸಿದ್ದು. ಆಲೆಮನೆಯಲ್ಲಿ ಕಬ್ಬಿನ ಹಾಲು ಹೋದ ಮೇಲೆ ಗಾಣದ ಆಚೆ ಬದಿಗೆ ಬೀಳುತ್ತದಲ್ಲ, ಅದು. ಕಥೆ ಗೊತ್ತಾಗುತ್ತದೆ, ರುಚಿ ಗೊತ್ತಾಗುವುದಿಲ್ಲ. ಆ ದುಡ್ಡು ದಂಡ.

ಕಡ್ಡಾಯ ಓದು ಅಂದರೆ ನನಗೇ ಒಂದು ಹಳೇ ಸಿಟ್ಟಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಹೈಸ್ಕೂಲಿನಲ್ಲಿ ಇದ್ದಾಗ ಕವಿ ಪರಿಚಯ ಅಂತ ಬರೆಯಬೇಕಿತ್ತು, ಈಗಲೂ ಇದೆ. ಕಾಲ, ಸ್ಥಳ, ಕೃತಿ, ಬಿರುದು. ಒಂದು ಟೆಸ್ಟಿನಲ್ಲಿ ಕುವೆಂಪು ಬಂದರು. ನಮ್ಮ ತಾಲೂಕಿನವರೇ, ಸಲೀಸು ಅಂದುಕೊಂಡೆ. ನನ್ನ ಅಜ್ಜಿಯ ತವರು ಕೊಪ್ಪದ ಕಡೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ಅವರ ತಾಯಿಯ ತವರಿನಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ ಅಂತ ಅಜ್ಜಿ ಸಾವಿರ ಸಲ ಹೇಳಿದ್ದರು. ನಾನು ದೊಡ್ಡ ಜಾಣೆಯ ಹಾಗೆ ‘ಜನನ: 1904 ಡಿಸೆಂಬರ್ 29, ಹಿರೇಕೊಡಿಗೆ’ ಅಂತ ಬರೆದೆ. ಅರ್ಧ ಅಂಕ ಹೋಯಿತು. ಕೇಳಲು ಹೋದರೆ ಮೇಷ್ಟ್ರು, ‘ಪುಸ್ತಕದಲ್ಲಿ ಕುಪ್ಪಳಿ ಅಂತ ಇದೆಯೋ ಇಲ್ಲವೋ?’ ಅಂದರು. ಇದೆ. ‘ಮತ್ತೆ?’ ಅಂದರು.

ಅಜ್ಜಿ ಹೇಳಿದ್ದೇ ನಿಜ. ಆದರೆ ಅರ್ಧ ಅಂಕಕ್ಕಿಂತ ಜಾಸ್ತಿ ನಷ್ಟ ಆದದ್ದು ಬೇರೆ. ಕುವೆಂಪು ಅಂದರೆ ನಾಲ್ಕು ಸಾಲಿನ ಉತ್ತರ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಶಾಲೆಯಿಂದ ಕುಪ್ಪಳಿಯ ಗುಡ್ಡದ ಮೇಲಿನ ಕವಿಶೈಲಕ್ಕೆ ಕರೆದುಕೊಂಡು ಹೋದರು. ಆ ಬಂಡೆ, ಆ ಗಾಳಿ, ಸುತ್ತ ಕಾಡು, ಎಲ್ಲಾ ಬಿಟ್ಟು ನಾವು ನೋಟ್ಸ್ ಬರೆದುಕೊಂಡೆವು, ನಾಳೆ ಪ್ರಬಂಧ ಬರೆಯಬೇಕಲ್ಲ ಅಂತ.

ಆಮೇಲೆ ಇಪ್ಪತ್ತಾರನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಪೀಜಿಯಲ್ಲಿದ್ದಾಗ, ರೂಮ್‌ಮೇಟ್ ಒಬ್ಬಳು ಬಿಟ್ಟುಹೋದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೈಗೆ ಸಿಕ್ಕಿತು. 1967ರ ಕಾದಂಬರಿ, ಇಟ್ಟಿಗೆಯಂಥ ಗಾತ್ರ. ಸುಮ್ನೆ ತೆಗೆದೆ. ಗುತ್ತಿ, ಅವನ ನಾಯಿ ಹುಲಿಯ, ಹುಲಿಕಲ್ಲು, ಮೇಗರವಳ್ಳಿ. ಅಯ್ಯೋ, ಇದು ನಮ್ಮ ಬಸ್ಸಿನ ಬೋರ್ಡಲ್ವಾ! ನಾನು ದಿನಾ ಬಸ್ಸಿಗೆ ಕಾಯುತ್ತಿದ್ದ ಊರು ಕಾದಂಬರಿಯೊಳಗಿದೆ, ಅದನ್ನು ಹತ್ತು ವರ್ಷ ಕವಿ ಪರಿಚಯ ಬರೆದರೂ ಯಾರೂ ನನಗೆ ಹೇಳಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಶಾಲೆಯ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಈಗಲೂ ಪೂರ್ತಿ ಇಳಿದಿಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಆ ಪುಸ್ತಕವನ್ನು ನಾನು ತೆಗೆದದ್ದೇ ಹೆಸರು ಗೊತ್ತಿತ್ತು ಅಂತ. ಗೊತ್ತಾಗಿದ್ದು ಎಲ್ಲಿಂದ? ‘ಕೃತಿಗಳು’ ಅಂತ ಬಾಯಿಪಾಠ ಮಾಡಿದ್ದ ಆ ಸಾಲಿನಿಂದಲೇ. ಹಾಗಾಗಿ ಪೂರ್ತಿ ಬೈಯಲೂ ಬಾಯಿ ಬರುವುದಿಲ್ಲ.

ಮಗಳದ್ದು ಇನ್ನೊಂದು ಕಥೆ. ಸೆಕೆಂಡ್ ಪಿಯುಸಿ ಕನ್ನಡಕ್ಕೆ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ಇತ್ತು. ಕಡ್ಡಾಯ. ಎಲ್ಲರೂ ಗೈಡ್ ತಗೊಂಡರು, ಇವಳೂ ತಗೊಂಡಳು, ಮೊದಲು ಓದಿದ್ದೂ ಅದನ್ನೇ. ಪಾತ್ರ ಪರಿಚಯ, ಆಡಳಿತ ವ್ಯವಸ್ಥೆಯ ವಿಡಂಬನೆ, ಆರು ಪಾಯಿಂಟು. ಬೋರು ಅಂತ ಮುಖ ಗಂಟು ಹಾಕಿದ್ದಳು. ಒಂದು ಸಂಜೆ ಲೈನ್ ರಿಪೇರಿಗೆ ಬಂದವರು ಮರ ಕಡಿಯದೇ ಬಿಟ್ಟ ಅರಣ್ಯದವರನ್ನು ಬೈದುಕೊಂಡು ಹೋದರು. ಮರುದಿನ ಸಿಕ್ಕ ಅರಣ್ಯದವರು ಕರೆಂಟಿನವರನ್ನು ಬೈದರು. ನಮ್ಮ ಮಾವ ನಗಾಡಿ, ‘ನಿನ್ನ ಪುಸ್ತಕದಲ್ಲೂ ಇದೇ ಇದೆ, ಅಲ್ಲಿ ಎಲ್ಲರೂ ಸೇರಿ ಆನೆಗೆ ಬೈತಾರೆ, ಓದಿ ನೋಡು’ ಅಂದರು. ರಾತ್ರಿ ಊಟ ಆದ ಮೇಲೆ ಮಾವನಿಗೆ ಕೇಳಲಿ ಅಂತ ಜೋರಾಗಿ ಓದಲು ಶುರು ಮಾಡಿದಳು. ನಡುನಡುವೆ ನಗು ತಡೆಯಲಾಗದೆ ನಿಲ್ಲಿಸುತ್ತಿದ್ದಳು. ಮುಗಿಸಿದ ಮೇಲೆ ಅವಳು ಹೇಳಿದ್ದು: ‘ಅಮ್ಮ, ಗೈಡಿನಲ್ಲಿ ನಗುವೇ ಇಲ್ಲ ಮಾರಾಯ್ತಿ.’

ಬಾಯಿಪಾಠದ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಕಡ್ಡಾಯದ ಕಡೆ. ಹತ್ತನೇ ಕ್ಲಾಸಿನಲ್ಲಿ ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ ಲಿಖಿತ ಪರೀಕ್ಷೆ 100ಕ್ಕೆ. ಪದ್ಯದ ಸಾಲು ಕೊಟ್ಟು ಪೂರ್ತಿ ಮಾಡಿ ಅಂತ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೋಸ್ಕರ ಮಗಳು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗೊಣಗುತ್ತಾ ಕಲಿತಳು. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗ. ಮಾವ ತಾಳಮದ್ದಳೆಯ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಹುಚ್ಚಿನವರು, ಅಡಿಕೆ ಆರಿಸುತ್ತಾ ಕೂತವರು ಅವಳು ತಪ್ಪು ಕಡೆ ಬಿಡಿಸಿ ಓದಿದ್ದು ಕೇಳಿ ತಡೆಯಲಾರದೆ ತಾವೇ ರಾಗವಾಗಿ ಹೇಳಿದರು. ಅಲ್ಲಿಗೆ ಅರ್ಥ ತಾನಾಗೇ ಬಿಡಿಸಿಕೊಂಡಿತು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೇ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೇ, ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕೆಂದೇ 2022ರಲ್ಲಿ ಪದ್ಮಶ್ರೀ ಬಂತು. ಆ ವರ್ಷ ಬೇಸಿಗೆಯಲ್ಲಿ ಮಾವ ಅವಳಿಗೆ ಗಮಕದ ರೆಕಾರ್ಡಿಂಗ್ ಹುಡುಕಿ ಕೇಳಿಸಿದರು. ಹದಿನೈದು ವರ್ಷದ ಯಾವ ಮಗು ತಾನಾಗಿ ಹೋಗಿ ಕುಮಾರವ್ಯಾಸನನ್ನು ಹುಡುಕುತ್ತದೆ ಹೇಳಿ? ಯಾರಾದರೂ ಕುತ್ತಿಗೆ ಹಿಡಿದು ಕೂರಿಸಬೇಕು. ಆಮೇಲೆ ಯಾರಾದರೂ ಹಾಡಿ ತೋರಿಸಲೂ ಬೇಕು. ಎರಡನೆಯದು ಶಾಲೆಯಲ್ಲಿ ಸಿಗುವುದಿಲ್ಲ, ಅದು ಬೇರೆ ಮಾತು.

ವಾಪಸ್ ಕಿಟ್‌ಗೆ ಬರುತ್ತೇನೆ. ನವೆಂಬರಿನ ಪಾಲಕರ ಸಭೆಯಲ್ಲಿ ಡೈರಿ ವಿಷಯ ಎತ್ತಿದೆ. ಮೇಲೆ ಕೂತವರು ‘ನೋಟ್ ಮಾಡಿಕೊಂಡಿದ್ದೇವೆ’ ಅಂದರು. ಸಭೆ ಮುಗಿದ ಮೇಲೆ ಕನ್ನಡ ಮಿಸ್ ಕಾರಿಡಾರಿನಲ್ಲಿ ನಿಲ್ಲಿಸಿದರು. ‘ಮೇಡಂ, ನಿಮ್ಮ ಮನೆಯಲ್ಲಿ ಪುಸ್ತಕ ಇದೆ. ನನ್ನ ಕ್ಲಾಸಿನ ಎಷ್ಟೋ ಮಕ್ಕಳ ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಓದೋಕೆ ಒಂದು ಹಾಳೆ ಇಲ್ಲ. ಓದಿ ಒಳ್ಳೆಯದು ಅಂತ ಹೇಳಿದರೆ ಯಾವ ಅಪ್ಪನೂ ದುಡ್ಡು ಬಿಚ್ಚಲ್ಲ. ಕಂಪಲ್ಸರಿ ಅಂದರೆ ಮಾತ್ರ ಬಿಚ್ಚುತ್ತಾರೆ.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಡೈರಿ ಬಗ್ಗೆ ಕೇಳಿದೆ. ದನಿ ತಗ್ಗಿಸಿ, ‘ನನಗೂ ಬೇಡ ಮೇಡಂ ಅದು. ಶನಿವಾರ ಅಷ್ಟೂ ಡೈರಿ ತಿದ್ದಿ ನೋಡಿ, ಕಣ್ಣು ಕತ್ತಲೆ ಬರುತ್ತೆ. ಏನು ಮಾಡೋದು, ಓದಿದ್ದಾರೆ ಅನ್ನೋದಕ್ಕೆ ದಾಖಲೆ ಕೇಳ್ತಾರೆ’ ಅಂದರು. ಕೆಂಪು ಶಾಯಿಯ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಆದರೆ ಪುಸ್ತಕ ಇಲ್ಲದ ಮನೆಗೆ ಪುಸ್ತಕ ಹೋಗಲಿ ಅನ್ನುವುದೇ ಉದ್ದೇಶ ಆದರೆ 1,380 ರೂಪಾಯಿ ಯಾಕೆ? ಮಗನ ಕ್ಲಾಸಿನಲ್ಲಿ ಇಬ್ಬರು ಕಿಟ್ ಕೊಂಡಿರಲಿಲ್ಲ, ಓದುವ ಪೀರಿಯಡ್‌ನಲ್ಲಿ ಪಕ್ಕದವರ ಪುಸ್ತಕಕ್ಕೆ ಕತ್ತು ಚಾಚಿಕೊಂಡು ಕೂರುತ್ತಿದ್ದರಂತೆ. ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಒಂದು ದಿನ ಹೋಗಿ ನೋಡಿದೆ. ಕಿಟ್‌ನ ನಾಲ್ಕು ಕನ್ನಡ ಪುಸ್ತಕದಲ್ಲಿ ಮೂರು ಅಲ್ಲೇ ಕಪಾಟಿನಲ್ಲಿದ್ದವು, ಮುಟ್ಟಿದವರಿಲ್ಲದೆ ಅಂಚು ಹಳದಿ ತಿರುಗಿದ್ದವು. 2020ರಲ್ಲಿ ‘ಓದುವ ಬೆಳಕು’ ಅಂತ ಸರ್ಕಾರದ ಕಾರ್ಯಕ್ರಮ ಶುರುವಾದ ಮೇಲೆ ಹಳ್ಳಿಯ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಪುಕ್ಕಟೆ. ಪುಕ್ಕಟೆ ಅನ್ನುವುದೂ ಪೂರ್ತಿ ಸರಿಯಲ್ಲ, ನಾವು ಕಟ್ಟುವ ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯದ ಕರ ಅಂತ ಸೇರಿಸಿಯೇ ವಸೂಲಿ ಮಾಡುತ್ತಾರೆ. ಒಂದು ಸಲ ದುಡ್ಡು ಕೊಟ್ಟ ಪುಸ್ತಕಕ್ಕೆ ಸ್ಟಿಕ್ಕರ್ ಬೆಲೆಯಲ್ಲಿ ಇನ್ನೊಂದು ಸಲ ಕೊಟ್ಟ ಹಾಗಾಯಿತು. ಅಲ್ಲಿನ ಮೇಲ್ವಿಚಾರಕಿಯನ್ನು ಕೇಳಿದರೆ, ‘ಶಾಲೆಯವರು ಒಂದು ಪಟ್ಟಿ ಕೊಟ್ಟರೆ ತೆಗೆದಿಡ್ತೀನಿ, ಇಲ್ಲಿಯವರೆಗೆ ಯಾರೂ ಕೇಳಿಲ್ಲ’ ಅಂದರು. ನೆಟ್‌ವರ್ಕ್ ಸಿಗುವ ಕಡೆಯವರಿಗೆ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ ಮಕ್ಕಳ ಕಥೆಗಳು ಉಚಿತವಾಗೇ ಇವೆ. ನಮಗೆ ಗುಡ್ಡ ಹತ್ತಬೇಕು.

ಕೊಳ್ಳುವವರಿಗೆ ಒಂದೆರಡು ಮಾತು. ಕಾಗದ ಪರವಾಗಿಲ್ಲ, ಬೈಂಡಿಂಗ್ ಸುಮಾರು, ರೈಲಿನ ಪುಸ್ತಕದ ನಡುವಿನ ಹಾಳೆಗಳು ಕಿತ್ತು ಬಂದಿವೆ, ಆದರೆ ಅದು ಎರಡೆರಡು ಸಲ ಓದಿದ್ದಕ್ಕೂ ಇರಬಹುದು. ಪ್ಲಾಸ್ಟಿಕ್ ಹೊದಿಕೆಯಲ್ಲಿ ಬರುತ್ತವೆ, ಮಲೆನಾಡಿನವರು ತಂದ ದಿನವೇ ಅದನ್ನು ತೆಗೆದು ಬಿಸಾಡಿ. ಒಳಗೆ ಥಂಡಿ ಕೂತು ಬೂಷ್ಟು ಹಿಡಿಯುತ್ತದೆ, ನಮ್ಮದರಲ್ಲಿ ಎರಡು ಹಾಗಾಗಿ ಒಲೆ ದಂಡೆಯಲ್ಲಿ ಒಣಗಿಸಬೇಕಾಯಿತು, ಈಗಲೂ ತೆರೆದರೆ ಹೊಗೆ ವಾಸನೆ. ಬಟ್ಟೆ ಚೀಲ ಗಟ್ಟಿಯಿದೆ, ಸಂತೆಗೆ ಒಯ್ಯುತ್ತಿದ್ದೇನೆ.

ಈ ವರ್ಷದ ಫಾರಂ ಮೊನ್ನೆ ಬಂತು. 1,520 ರೂಪಾಯಿ. ಹೊಸ ಏಳು ಪುಸ್ತಕ, ಅದೇ ಡೈರಿ, ಒಂದು ಕಾಲಂ ಜಾಸ್ತಿ ಮಾಡಿದ್ದಾರೆ: ‘ಈ ಪುಸ್ತಕದಿಂದ ನನ್ನಲ್ಲಾದ ಬದಲಾವಣೆ.’ ಕೊಳ್ಳುತ್ತೇನೆ, ಕಂಪಲ್ಸರಿ ಅಲ್ವಾ. ಪಟ್ಟಿಯಲ್ಲಿ ಸಮುದ್ರದ ಕಥೆ ಒಂದಿದೆಯಂತೆ, ಮಗ ಆಗಲೇ ಕೇಳುತ್ತಿದ್ದಾನೆ.

ಹಳೇ ಕಿಟ್‌ನ್ನು ಪಕ್ಕದ ಮನೆಯವರು ಕೇಳಿದ್ದಾರೆ, ಅವರ ಮಗಳು ಈ ಸಲ ಏಳನೇ ಕ್ಲಾಸು. ಐದು ಪುಸ್ತಕ ಕೊಡುತ್ತಾನಂತೆ. ರೈಲಿನದು ಕೊಡುವುದಿಲ್ಲ, ಮೀನಿನದೂ ಕೊಡುವುದಿಲ್ಲ. ಡೈರಿ ಬೇಕಾದರೆ ತಗೊಂಡು ಹೋಗಲಿ ಅಂದ. ಹಿಂದಿನ ಪುಟದಲ್ಲಿ ಹನ್ನೊಂದು ನೀತಿ ಇವೆ, ಅವಳಿಗೆ ವರ್ಷಕ್ಕೆ ಸಾಕಂತೆ.